ಉಂಡ ಮನೆ ಯಾವುದು?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಅವರು ನನ್ನ ಬಳಿ ಸಲಹೆಗೆ ಬಂದಿದ್ದು ನಿದ್ದೆ ಬರುತ್ತಿಲ್ಲ ಅಂತ. ನಲವತ್ತರ ಆಸುಪಾಸಿನ ಕೃಷಿ ವಿಜ್ಞಾನಿ. ಬ್ಯಾಗಿನಿಂದ ಒಂದು ವರದಿ ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲೊಂದು ಪುಟದ ಮೂಲೆ ಮಡಚಿತ್ತು. ಮಾತಾಡುತ್ತಾ ಅದನ್ನು ಬಿಡಿಸುವುದು, ಮತ್ತೆ ಮಡಚುವುದು. ಆ ಮೂಲೆ ಇನ್ನೇನು ಹರಿಯುವ ಹಾಗಾಗಿತ್ತು.

ಸರ್ಕಾರ ಪ್ರಚಾರ ಮಾಡುತ್ತಿರುವ ಹೊಸ ತಳಿಯನ್ನು ಸರ್ಕಾರದ ಅನುದಾನದಲ್ಲೇ ಇವರ ತಂಡ ಮೂರು ವರ್ಷ ಪರೀಕ್ಷಿಸಿದೆ. ಒಳ್ಳೆ ಮಳೆಯಾದರೆ ಇಳುವರಿ ಜಾಸ್ತಿ. ಮಳೆ ಕೈಕೊಟ್ಟ ತಾಕುಗಳಲ್ಲಿ ಹಳೆ ತಳಿಗಿಂತಲೂ ಕಡಿಮೆ. ಮಡಚಿದ ಪುಟದಲ್ಲಿ ಇದ್ದದ್ದು ಅದೇ. ಅನುದಾನ ನೋಡಿಕೊಳ್ಳುವ ಅಧಿಕಾರಿ ಫೋನಿನಲ್ಲಿ, "ಆ ಪುಟ ಬೇಕಾ? ನವೀಕರಣ ಹತ್ತಿರ ಬಂತಲ್ಲ" ಅಂದಿದ್ದರು. ಅಷ್ಟೇ ಮಾತು.

"ನಾಲ್ಕು ಹುಡುಗರ ಫೆಲೋಶಿಪ್ ಇದೇ ದುಡ್ಡಲ್ಲಿ ನಡೀತಿದೆ ಮೇಡಂ. ಮೇಲಾಗಿ ಉಂಡ ಮನೆಗೆ ಎರಡು ಬಗೆದ ಹಾಗಾಗಲ್ವಾ?"

ಈ ಪ್ರಶ್ನೆಯಲ್ಲೇ ನಾವು ತುಂಬಾ ಹೊತ್ತು ಕಳೆದೆವು. ಭಯಕ್ಕಿಂತ ಋಣದ ಭಾರ ಅವರನ್ನು ಜಾಸ್ತಿ ಕಾಡುತ್ತಿತ್ತು. "ನೀವು ಉಂಡಿದ್ದು ಯಾರ ಮನೆಯಲ್ಲಿ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ತೆರಿಗೆ ಕಟ್ಟಿದವರ ಮನೆಯಲ್ಲಿ" ಅಂದರು. ಆ ಬೀಜ ಬಿತ್ತುವವರೂ ಅವರಲ್ಲೇ ಇದ್ದಾರೆ.

ಯಾವ ಸಂಶೋಧನೆಗೆ ಎಷ್ಟು ಹಣ ಅನ್ನುವುದು ರಾಜಕೀಯ ತೀರ್ಮಾನ. ಅದು ತಪ್ಪಲ್ಲ, ಜನರ ಹಣಕ್ಕೆ ಸರ್ಕಾರ ಲೆಕ್ಕ ಕೊಡಲೇಬೇಕು. ಆದರೆ ದುಡ್ಡು ಕೊಟ್ಟವರು ಉತ್ತರವನ್ನೂ ಬರೆಸುವ ಹಾಗಿಲ್ಲ. ಈ ಅಭಿಪ್ರಾಯವನ್ನು ಅವರ ಮುಂದೆ ನಾನು ಮುಚ್ಚಿಡಲಿಲ್ಲ.

ವಾವಿಲೋವ್ ಹೆಸರು ಎತ್ತಿದವರು ಅವರೇ. ಜಗತ್ತಿನ ಉದ್ದಗಲಕ್ಕೂ ಓಡಾಡಿ ಬೀಜ ಕೂಡಿಸಿದ ಸೋವಿಯತ್ ವಿಜ್ಞಾನಿ. ತಳಿಶಾಸ್ತ್ರವನ್ನೇ (ಅನುವಂಶೀಯತೆಯ ವಿಜ್ಞಾನವನ್ನೇ) ಒಪ್ಪದ, ಅಲ್ಲಿನದೇ ಕೃಷಿ ವಿಜ್ಞಾನಿ ಲೈಸೆಂಕೊಗೆ ಸ್ಟಾಲಿನ್ ಬೆಂಬಲ ಸಿಕ್ಕಿತು. ಲೈಸೆಂಕೊನನ್ನು ವಿರೋಧಿಸಿದ ವಾವಿಲೋವ್ 1940ರಲ್ಲಿ ಬಂಧನವಾಗಿ, 1943ರಲ್ಲಿ ಜೈಲಿನಲ್ಲೇ ತೀರಿಕೊಂಡರು. "ರಾತ್ರಿಯೆಲ್ಲಾ ಅದೇ ನೆನಪು" ಅಂದರು. ಆ ಭಯವನ್ನು ನಾನು ತಳ್ಳಿಹಾಕಲಿಲ್ಲ. ನಿಮ್ಮ ಮುಂದೆ ಈಗ ಇರುವುದು ಒಂದು ಫೋನ್ ಕರೆ, ಅನುದಾನದ ಒಂದು ಒಪ್ಪಂದ ಪತ್ರ ಅಂತ ನೆನಪಿಸಿದೆ. ಒಪ್ಪಂದ ಓದಿದ್ದೀರಾ ಅಂದರೆ, ಸಹಿ ಹಾಕಿದ ಮೇಲೆ ಬಿಚ್ಚಿಯೇ ಇರಲಿಲ್ಲ.

ನಾನು ಕೊಟ್ಟ ಸಲಹೆ ಇದು. ರಾತ್ರಿ ಹೊತ್ತು ಯಾವ ತೀರ್ಮಾನವೂ ಬೇಡ. ಮೊದಲು ಒಪ್ಪಂದದಲ್ಲಿ ಪ್ರಕಟಣೆ ಬಗ್ಗೆ ಏನಿದೆ ನೋಡಿ. ಆಮೇಲೆ ಅಧಿಕಾರಿಗೆ ವಿನಯವಾಗಿಯೇ ಒಂದು ಇಮೇಲ್ ಹಾಕಿ: ಆ ಪುಟ ಯಾಕೆ ಬೇಡ ಅನ್ನುವುದನ್ನು ದಯವಿಟ್ಟು ಬರೆದು ತಿಳಿಸಿ ಅಂತ. ಬಾಯಲ್ಲಿ ಹೇಳಿದಷ್ಟು ಸುಲಭವಾಗಿ ಕೆಲವು ಮಾತುಗಳನ್ನು ಬರೆಯಲು ಯಾರಿಗೂ ಆಗುವುದಿಲ್ಲ. ಅವರ ಕಾರಣದಲ್ಲಿ ವಿಜ್ಞಾನ ಇದ್ದರೆ, ತಾಕುಗಳು ಸಾಲದು ಅನ್ನುವಂಥದ್ದಿದ್ದರೆ, ಅದನ್ನೂ ಅದೇ ಪುಟದಲ್ಲಿ ಸೇರಿಸಿ. ಪುಟ ಕೀಳಬೇಡಿ. ಸಂಸ್ಥೆಯ ಮುಖ್ಯಸ್ಥರಿಗೆ ತಿಳಿಸಿ. ಆ ನಾಲ್ಕು ಹುಡುಗರಿಗೂ ಹೇಳಿ, ವರದಿಯಲ್ಲಿ ಅವರ ಹೆಸರೂ ಇದೆ. ಇದಕ್ಕೆ ಮಾತ್ರ ಅವರು ತುಂಬಾ ಹಿಂಜರಿದರು.

ಮುಂದಿನ ಸಲ ಬಂದಾಗ ಇಮೇಲ್‌ಗೆ ಉತ್ತರ ಬಂದಿರಲಿಲ್ಲ, ನವೀಕರಣದ ಸುದ್ದಿಯೂ ಇರಲಿಲ್ಲ. ವರದಿ ಆ ಪುಟದ ಸಮೇತ ಹೋಗಿತ್ತು. ಹುಡುಗರಲ್ಲಿ ಒಬ್ಬಳು ಬೇರೆ ಕಡೆ ಅರ್ಜಿ ಹಾಕಿದ್ದಾಳಂತೆ. ಅದನ್ನು ಹೇಳುವಾಗ ಅವರ ಗಂಟಲು ಕಟ್ಟಿತು. ನಿದ್ದೆ ಈಗ ನಾಲ್ಕೈದು ಗಂಟೆ ಬರುತ್ತಿದೆ. ಎರಡು ವಾರ ಬಿಟ್ಟು ಮತ್ತೆ ಬರಲು ಹೇಳಿದ್ದೇನೆ.