ಪ್ಯಾಂಟ್ ಸೈಜು ಹೊಟ್ಟೆಯ ಅಳತೆಯಲ್ಲ

ಪ್ರಶ್ನೆ: ವಯಸ್ಸು 44, ಎತ್ತರ 168 ಸೆಂ.ಮೀ., ತೂಕ 66 ಕೆ.ಜಿ. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 23.4, ನಾರ್ಮಲ್. ಪ್ಯಾಂಟ್ ಸೈಜು ಮೊದಲಿನಿಂದಲೂ 34. ಆದರೆ ಜಿಮ್ಮಿನ ಮೆಷಿನ್ ಬೆಳಿಗ್ಗೆ 27, ಸಂಜೆ 24 ಪರ್ಸೆಂಟ್ ಕೊಬ್ಬು ತೋರಿಸುತ್ತೆ. ಹಾರ್ಟಿಗೆ ತೊಂದರೆ ಇದೆಯಾ ಡಾಕ್ಟ್ರೇ?
– ವಿದ್ಯಾನಗರ, ದಾವಣಗೆರೆ

ಉತ್ತರ: ನಾರ್ಮಲ್ ಅಂತ ನೀವೇ ತೀರ್ಪು ಕೊಟ್ಟುಕೊಂಡಿದ್ದೀರಿ. ಭಾರತೀಯರಿಗೆ ಬಿಎಂಐ 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು. ಇನ್ನು ಈ ಪ್ಯಾಂಟಿನ ಲೆಕ್ಕ! ಹೊಟ್ಟೆ ಮುಂದೆ ಬಂದಂತೆಲ್ಲ ಪ್ಯಾಂಟು ಅದರ ಕೆಳಗೆ ಜಾರುತ್ತದೆ, ಸೈಜು ಮಾತ್ರ ಅಷ್ಟೇ ಇರುತ್ತದೆ.

ಟೇಲರ್ ಟೇಪು ತನ್ನಿ. ತಿಂಡಿಗೆ ಮುಂಚೆ, ಅಂಗಿ ತೆಗೆದು, ಪಾದ ಜೋಡಿಸಿ ನಿಲ್ಲಿ. ಪಕ್ಕೆಯಲ್ಲಿ ಕೊನೆಯ ಎಲುಬಿನ ಕೆಳಅಂಚು, ಸೊಂಟದ ಮೂಳೆಯ ಮೇಲಂಚು ಎರಡನ್ನೂ ಬೆರಳೊತ್ತಿ ಹುಡುಕಿ, ನಟ್ಟನಡುವೆ ಪೆನ್ನಿನಲ್ಲಿ ಗುರುತು ಹಾಕಿ. ಟೇಪು ಅದೇ ಮಟ್ಟದಲ್ಲಿ ಸುತ್ತಬೇಕು. ಬೆನ್ನ ಹಿಂದೆ ಇಳಿದಿದ್ದರೆ ನಿಮಗೆ ಕಾಣುವುದಿಲ್ಲ, ಮನೆಯವರು ನೋಡಲಿ. ಸಹಜವಾಗಿ ಉಸಿರು ಬಿಟ್ಟ ಮೇಲೆ ಓದಿ. ಎರಡು ಸಲ ಅಳೆಯಿರಿ. ಹೊಟ್ಟೆ ಎಳೆದುಕೊಂಡು ನಿಂತರೆ ಮೋಸ ನಿಮಗೇ, ನನಗಲ್ಲ.

ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಮಿತಿ. ಎತ್ತರದ ಅರ್ಧ ದಾಟಬಾರದು ಎಂಬ ಲೆಕ್ಕ ಇನ್ನೂ ಸಲೀಸು: ನಿಮಗದು 84. ತೊಡೆಯಲ್ಲಿ, ಚರ್ಮದಡಿಯಲ್ಲಿ ಕೂತ ಕೊಬ್ಬು ಅಷ್ಟು ಕಾಟ ಕೊಡುವುದಿಲ್ಲ. ಕರುಳಿನ ಸುತ್ತ ಸೇರಿದ್ದು ಕೊಬ್ಬಿನಾಮ್ಲಗಳನ್ನು ನೇರ ಲಿವರ್‌ಗೆ ಸುರಿಯುತ್ತದೆ. ರಕ್ತದಲ್ಲಿನ ಕೊಬ್ಬಾದ ಟ್ರೈಗ್ಲಿಸರೈಡ್ ಏರುತ್ತದೆ, ಒಳ್ಳೆಯ ಕೊಲೆಸ್ಟ್ರಾಲ್ ಆದ ಎಚ್‌ಡಿಎಲ್ ಇಳಿಯುತ್ತದೆ, ಶುಗರ್ ಹಿಡಿತದಲ್ಲಿಡುವ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಕೈಕಾಲು ಕಡ್ಡಿಯಂತಿದ್ದು ಹೊಟ್ಟೆ ಮಾತ್ರ ಬಂದವರ ಬಗ್ಗೆ ನನಗೆ ಭಯ ಹೆಚ್ಚು.

ಆ ಮೆಷಿನ್ ಕೊಬ್ಬನ್ನು ನೋಡುವುದೇ ಇಲ್ಲ. ಪಾದದಿಂದ ಸಣ್ಣ ಕರೆಂಟ್ ಹರಿಸಿ, ಮೈಯಲ್ಲಿ ನೀರೆಷ್ಟಿದೆ ಎಂಬುದರ ಮೇಲೆ ಅಂದಾಜು ಕಟ್ಟುತ್ತದೆ. ರಾತ್ರಿಯೆಲ್ಲ ನೀರು ಕುಡಿಯದೆ ಎದ್ದಾಗ ಪರ್ಸೆಂಟ್ ಏರಿದ್ದು ಅದಕ್ಕೇ. ಅದರ ಚೀಟಿ ಹಿಡಿದು ಪೌಡರ್ ಡಬ್ಬ ಮಾರುವವರನ್ನು ಹತ್ತಿರ ಸೇರಿಸಬೇಡಿ. ಟೇಪು 84 ದಾಟಿದ್ದರೆ ಬಿಪಿ, ಖಾಲಿ ಹೊಟ್ಟೆಯ ಶುಗರ್, ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬಿನ ಪರೀಕ್ಷೆ) ಮಾಡಿಸಿ. ಸಿಗರೇಟು, ಗುಟ್ಕಾ ಇದ್ದರೆ, ಅಪ್ಪ ಅಣ್ಣಂದಿರಿಗೆ 55ರೊಳಗೆ ಹಾರ್ಟ್ ಅಟ್ಯಾಕ್ ಆಗಿದ್ದರೆ, ಟೇಪು ಏನೇ ಹೇಳಲಿ ಮಾಡಿಸಿ.

ಪ್ರಶ್ನೆ: ಬೆವರು ಬರಿಸುವ ಬೆಲ್ಟಿನಿಂದ ಹೊಟ್ಟೆ ಕರಗುತ್ತದೆಯೇ? – ಹಿರಿಯೂರು

ಉತ್ತರ: ಹೋಗುವುದು ನೀರು. ಒಂದು ಚೊಂಬು ಕುಡಿದರೆ ವಾಪಸ್.

ಪ್ರಶ್ನೆ: ದಿನಾ ಕುಂದುವಾಡ ಕೆರೆ ಸುತ್ತ ವಾಕಿಂಗ್ ಮಾಡುತ್ತೇನೆ. ಆಮೇಲೆ ಬೆಣ್ಣೆ ದೋಸೆ ತಿನ್ನಬಹುದಾ? – ದಾವಣಗೆರೆ

ಉತ್ತರ: ವಾರಕ್ಕೊಮ್ಮೆ, ಒಂದು. ಮೇಲೆ ಹಾಕುವ ಬೆಣ್ಣೆ ಬೇಡ ಅನ್ನಿ.

ಪ್ರಶ್ನೆ: ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತದೆ, ನಿಂತರೆ ಸರಿಹೋಗುತ್ತದೆ. ಸೊಂಟ 82 ಸೆಂ.ಮೀ. ಮಾತ್ರ. ಗ್ಯಾಸ್ ಇರಬಹುದಾ? – ಹೊಳಲ್ಕೆರೆ

ಉತ್ತರ: ಟೇಪು ಕೆಳಗಿಡಿ. ಇವತ್ತೇ ಹೃದ್ರೋಗ ತಜ್ಞರಿಗೆ ತೋರಿಸಿ.