ಮರಿಯ ಎದೆಯಲ್ಲಿ ಮರ್ಮರ್ ಇದ್ದರೆ ಆರು ತಿಂಗಳು ಕಾಯಬಹುದಾ?

ನಿಮ್ಮ ಒಂಬತ್ತು ವಾರದ ಪೊಮೆರೇನಿಯನ್ ಹೆಣ್ಣುಮರಿಗೆ ಲಸಿಕೆ ಹಾಕುವಾಗ ಡಾಕ್ಟರ್‌ಗೆ ಎದೆಯಲ್ಲಿ ಮರ್ಮರ್, ಅಂದರೆ ಹೃದಯ ಬಡಿತದ ಜೊತೆ ಬರುವ ಬೇರೆ ಸದ್ದು, ಕೇಳಿಸಿದೆ, ಆದರೆ ಮರಿ ಚೆನ್ನಾಗಿ ತಿಂದು ಆಡಿಕೊಂಡಿದೆ, ಆರು ತಿಂಗಳು ಕಾದು ನೋಡೋಣವಾ ಅಂತ ಕೇಳಿದ್ದೀರಿ. ದಯವಿಟ್ಟು ಸುಮ್ನೆ ಕಾಯಬೇಡಿ. ಮೊದಲು ಅದು ಯಾವ ಥರದ ಸದ್ದು ಅಂತ ಡಾಕ್ಟರ್‌ನ ಕೇಳಿ.

ಗುಂಪಿನಲ್ಲಿ ಕೆಲವರು ಬೆಳೆಯುತ್ತಾ ಸರಿಹೋಗುತ್ತದೆ ಅಂದಿದ್ದಾರೆ. ಅದೂ ಸುಳ್ಳಲ್ಲ. ಹೃದಯದಲ್ಲಿ ಯಾವ ದೋಷವೂ ಇಲ್ಲದ ಮರಿಗಳಲ್ಲೂ ಮೆತ್ತಗಿನ ಮರ್ಮರ್ ಕೇಳಿಸುವುದುಂಟು. ಸದ್ದಿನ ಜೋರು ಅಳೆಯುವ 6 ಗ್ರೇಡ್‌ಗಳಲ್ಲಿ ಅದು 1 ಅಥವಾ 2 ಇರುತ್ತದೆ, ಸಾಮಾನ್ಯವಾಗಿ ನಾಲ್ಕೈದು ತಿಂಗಳೊಳಗೆ ಹೋಗಿಬಿಡುತ್ತದೆ. ಆದರೆ ಗ್ರೇಡ್ 3 ಅಥವಾ ಜಾಸ್ತಿ ಇದ್ದರೆ, ಇಲ್ಲವೇ ಬಡಿತಗಳ ನಡುವೆಯೂ ಸದ್ದು ಬಿಡುವಿಲ್ಲದೆ ಕೇಳುತ್ತಿದ್ದರೆ, ಕೂಡಲೇ ಎಕೋ (ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್) ಮಾಡಿಸಬೇಕು.

ಬಿಡುವಿಲ್ಲದ ಸದ್ದು ಅಂದರೆ ಮೊದಲು ಅನುಮಾನ ಬರುವುದು ಪಿಡಿಎ ಮೇಲೆ, ಅಂದರೆ ಹುಟ್ಟಿದ ಮೇಲೆ ಮುಚ್ಚಬೇಕಾದ ಒಂದು ರಕ್ತನಾಳ ಮುಚ್ಚದೇ ಉಳಿಯುವುದು. ತಾಯಿಯ ಹೊಟ್ಟೆಯಲ್ಲಿ ಮರಿಯ ಶ್ವಾಸಕೋಶಕ್ಕೆ ಕೆಲಸವಿಲ್ಲ. ಹಾಗಾಗಿ ರಕ್ತ ಅದನ್ನು ಬಿಟ್ಟು ಒಂದು ಚಿಕ್ಕ ನಾಳದ ಮೂಲಕ ನೇರ ಮೈಗೆ ಹೋಗುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಈ ನಾಳ ಮುಚ್ಚಿಕೊಳ್ಳಬೇಕು. ಮುಚ್ಚದಿದ್ದರೆ ಮೈಗೆ ಹೋಗಬೇಕಾದ ರಕ್ತ ಮತ್ತೆ ಶ್ವಾಸಕೋಶಕ್ಕೇ ನುಗ್ಗುತ್ತದೆ, ಹೃದಯದ ಎಡಭಾಗ ಹಿಗ್ಗಿ ಸೋಲುತ್ತದೆ. ಇದು ಹೆಣ್ಣುಮರಿಗಳಲ್ಲೇ ಜಾಸ್ತಿ. ಪೊಮೆರೇನಿಯನ್, ಪೂಡಲ್, ಮಾಲ್ಟೀಸ್, ಜರ್ಮನ್ ಶೆಫರ್ಡ್‌ಗಳಲ್ಲಿ ಹೆಚ್ಚಾಗಿ ಕಾಣುತ್ತದೆ. ನಿಮ್ಮ ಮರಿಯ ವಿಷಯದಲ್ಲಿ ನನಗೆ ಅವಸರ ಇರುವುದು ಅದಕ್ಕೇ. ಹಾಗೇ ಬಿಟ್ಟರೆ ಅರ್ಧಕ್ಕಿಂತ ಹೆಚ್ಚು ನಾಯಿಗಳು ಒಂದು ವರ್ಷ ದಾಟುವುದಿಲ್ಲ. ಹೃದಯ ಸೋಲುವ ಮೊದಲೇ ಮುಚ್ಚಿಸಿದರೆ ಹೆಚ್ಚಿನವು ಪೂರ್ತಿ ಆಯಸ್ಸು ಬದುಕುತ್ತವೆ. ತೊಡೆಯ ರಕ್ತನಾಳದಿಂದ ಕ್ಯಾತಿಟರ್ (ತೆಳು ಕೊಳವೆ) ಹಾಕಿ ಒಳಗೇ ಮುಚ್ಚುತ್ತಾರೆ. ಮರಿ ತೀರಾ ಚಿಕ್ಕದಾಗಿದ್ದರೆ ಎದೆ ತೆರೆದು ನಾಳ ಕಟ್ಟುತ್ತಾರೆ.

ಪಿಡಿಎ ಸದ್ದು ಎಡಗಡೆ ಕಂಕುಳ ಹತ್ತಿರ, ತುಂಬಾ ಮೇಲೆ ಕೇಳುತ್ತದೆ. ಅವಸರದಲ್ಲಿ ತಪ್ಪಿಹೋಗಬಹುದು, ಅಲ್ಲಿ ಸ್ಟೆತಸ್ಕೋಪ್ ಇಟ್ಟು ನೋಡಿ ಅಂತ ನೀವೇ ಹೇಳಿ. ಒಂದು ವಿಷಯ ನೆನಪಿರಲಿ: ಕೆಲವು ಮರಿಗಳಲ್ಲಿ ಈ ರಕ್ತದ ಹರಿವು ತಿರುಗಿಬಿಡುತ್ತದೆ. ಆಗ ಸದ್ದು ತಾನಾಗಿ ಕಡಿಮೆಯಾಗುತ್ತದೆ, ಹಿಂಗಾಲು ಸೋಲುತ್ತವೆ, ನಾಳ ಮುಚ್ಚಿಸುವಂತೆಯೂ ಇಲ್ಲ.

ಸದ್ದಿನ ಜೋರು ನೋಡಿ ಮಾತ್ರ ಹೆದರಬೇಡಿ. ಹೃದಯದ ಕೆಳಕೋಣೆಗಳ ನಡುವಿನ ಗೋಡೆಯಲ್ಲಿ ಸಣ್ಣ ತೂತಿದ್ದರೂ ಸದ್ದು ಜೋರಾಗಿ ಬರುತ್ತದೆ, ಆದರೂ ಅಂಥ ನಾಯಿಗಳು ಚೆನ್ನಾಗಿಯೇ ಬದುಕುತ್ತವೆ. ಯಾವ ದೋಷ, ಎಷ್ಟು ಅಂತ ಹೇಳುವುದು ರಕ್ತದ ಹರಿವು ತೋರಿಸುವ ಡಾಪ್ಲರ್ ಇರುವ ಎಕೋ. ಬರೀ ಎಕ್ಸ್‌ರೇ, ಇಸಿಜಿ ಸಾಕಾಗುವುದಿಲ್ಲ.

ಅಲ್ಲಿಯವರೆಗೆ ಮರಿ ಗಾಢ ನಿದ್ದೆಯಲ್ಲಿದ್ದಾಗ ಒಂದು ನಿಮಿಷದ ಉಸಿರು ಎಣಿಸಿ ಬರೆದಿಡಿ. ಕನಸಿನಲ್ಲಿ ಕಾಲಾಡಿಸುವಾಗ ಬೇಡ, ಲೆಕ್ಕ ತಪ್ಪುತ್ತದೆ. ಸಾಮಾನ್ಯವಾಗಿ 30ರೊಳಗೆ ಇರಬೇಕು. ಪದೇಪದೇ ಅದಕ್ಕಿಂತ ಜಾಸ್ತಿ ಬಂದರೆ ಡಾಕ್ಟರ್‌ಗೆ ಫೋನ್ ಮಾಡಿ. ಒಸಡು ನೀಲಿಯಾದರೆ, ಆಡುವಾಗ ಕುಸಿದು ಬಿದ್ದರೆ ತಕ್ಷಣ ಕರೆದುಕೊಂಡು ಹೋಗಿ. ಗುಂಪಿನಲ್ಲಿ ಯಾರೋ ಹೇಳಿದ ಹೃದಯದ ಮಾತ್ರೆ ಕೊಡಬೇಡಿ.

ಪಿಡಿಎ ಅಂತ ಗೊತ್ತಾದರೆ ಮರಿ ಕೊಟ್ಟವರಿಗೂ ತಿಳಿಸಿ. ಇದು ವಂಶದಲ್ಲಿ ಬರುತ್ತದೆ, ಒಡಹುಟ್ಟಿದ ಮರಿಗಳ ಎದೆಯನ್ನೂ ಈಗಲೇ ಪರೀಕ್ಷೆ ಮಾಡಿಸಬೇಕು.