ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗೆ ಎಫ್‌ಪಿಜಿಎ ಪಾಠವೇಕೆ? – ಸಂಪಾದಕರ ಉತ್ತರ

ಮಾನ್ಯರೇ,

ಬೆಳಗಾವಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿರುವ ತಮ್ಮ ಮಗಳು ಐಚ್ಛಿಕ ವಿಷಯವಾಗಿ ಎಫ್‌ಪಿಜಿಎ (ತಯಾರಾದ ಮೇಲೂ ಒಳಗಿನ ಸರ್ಕ್ಯೂಟನ್ನು ನಮಗೆ ಬೇಕಾದಂತೆ ರೂಪಿಸಿಕೊಳ್ಳಬಹುದಾದ ಚಿಪ್) ವಿನ್ಯಾಸವನ್ನು ಆರಿಸಿಕೊಳ್ಳಬೇಕೆಂದಿದ್ದಾಳೆ, ಅದು ಎಲೆಕ್ಟ್ರಾನಿಕ್ಸ್ ವಿಭಾಗದವರ ಪಾಠವಲ್ಲವೇ, ನೌಕರಿಗೆ ನೆರವಾಗುವ ವಿಷಯ ಬಿಟ್ಟು ಇದಕ್ಕೆ ಒಂದು ಸೆಮಿಸ್ಟರ್ ಕೊಡುವುದು ಸರಿಯೇ ಎಂದು ವಿಜಯಪುರದಿಂದ ಬರೆದು ಕೇಳಿದ್ದೀರಿ. ಆಕೆ ಆರಿಸಿಕೊಳ್ಳಲಿ ಎಂಬುದೇ ನನ್ನ ಅಭಿಪ್ರಾಯ. ಇದರಿಂದ ಚಿಪ್ ಕಂಪನಿಯಲ್ಲಿ ಕೆಲಸ ಸಿಕ್ಕೇ ಸಿಗುತ್ತದೆಂಬ ಭರವಸೆಯನ್ನು ನಾನು ಕೊಡಲಾರೆ. ಆದರೆ ಪ್ರೋಗ್ರಾಮ್ ಬರೆಯುವವರು ಯಂತ್ರದ ಬಗ್ಗೆ ತಿಳಿಯಲೇಬೇಕಾದ ಒಂದು ಸಂಗತಿಯನ್ನು ಇಷ್ಟು ನೇರವಾಗಿ ಕಲಿಸುವ ಬೇರೆ ಪಾಠ ಆ ವಿಭಾಗದಲ್ಲಿ ನನಗೆ ಕಾಣುವುದಿಲ್ಲ.

ಸಿ ಭಾಷೆಯಲ್ಲಿ ಎರಡು ವೇರಿಯೇಬಲ್‌ಗಳ ಬೆಲೆಯನ್ನು ಅದಲುಬದಲು ಮಾಡಲು ಸಾಮಾನ್ಯವಾಗಿ ಮೂರನೆಯದೊಂದನ್ನು ಬಳಸುತ್ತಾರೆ. ಸರ್ಕ್ಯೂಟುಗಳನ್ನು ವರ್ಣಿಸುವ ಭಾಷೆಯಾದ ವೆರಿಲಾಗ್‌ನಲ್ಲಿ ನಾನ್‌ಬ್ಲಾಕಿಂಗ್ (ಒಂದು ಮತ್ತೊಂದಕ್ಕೆ ಕಾಯದ) ಅಸೈನ್‌ಮೆಂಟಿನ ಎರಡು ಸಾಲು ಬರೆದರೆ ಸಾಕು, ಸರ್ಕ್ಯೂಟಿಗೆ ತಾಳ ಹಾಕುವ ಸಂಕೇತವಾದ ಕ್ಲಾಕಿನ ಒಂದೇ ಅಂಚಿನಲ್ಲಿ ಎರಡೂ ರಿಜಿಸ್ಟರುಗಳು (ಬೆಲೆಗಳನ್ನು ಹಿಡಿದಿಡುವ ಪುಟ್ಟ ಕೋಶಗಳು) ಒಟ್ಟಿಗೆ ಬದಲಾಗುತ್ತವೆ. ಮೇಲಿನ ಸಾಲು ಮೊದಲು, ಕೆಳಗಿನದು ಆಮೇಲೆ ಎಂದು ಎರಡು ವರ್ಷ ರೂಢಿಸಿಕೊಂಡ ನಂಬಿಕೆ ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಆಕೆ ಬರೆಯುತ್ತಿರುವುದು ಸದಾ ಜೀವಂತವಾಗಿರುವ ಸರ್ಕ್ಯೂಟಿನ ವರ್ಣನೆ. ಸಮಯವೂ ಹೀಗೆಯೇ ಕಣ್ಣಿಗೆ ಕಾಣತೊಡಗುತ್ತದೆ: ಕ್ಲಾಕ್ 100 ಮೆಗಾಹರ್ಟ್ಸ್ ಇದ್ದರೆ ಒಂದು ರಿಜಿಸ್ಟರಿನಿಂದ ಮತ್ತೊಂದಕ್ಕೆ ಸಂಕೇತ ತಲುಪಲು ಸಿಗುವುದು 10 ನ್ಯಾನೋಸೆಕೆಂಡು ಮಾತ್ರ, ನಡುವಿನ ಲೆಕ್ಕಾಚಾರಕ್ಕೆ 12 ಬೇಕಾದರೆ ಅದನ್ನು ಎರಡು ಹಂತಗಳಾಗಿ ಒಡೆಯದೆ ಗತ್ಯಂತರವಿಲ್ಲ. ಹಂತಹಂತವಾಗಿ ಒಡೆದ ಈ ಪೈಪ್‌ಲೈನ್ ಎಂಬುದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದವರಿಗೂ ಹೀಗೆ ಕೈಯಾರೆ ಕಟ್ಟಿದವರಿಗೂ ಬಹಳ ಅಂತರವಿದೆ.

ಸುಮಾರು 2005ರವರೆಗೆ ಪ್ರೊಸೆಸರುಗಳ ಕ್ಲಾಕ್ ವೇಗ ಏರುತ್ತಲೇ ಇದ್ದುದರಿಂದ ಪ್ರೋಗ್ರಾಮರುಗಳು ಇದನ್ನೆಲ್ಲ ಮರೆತಿದ್ದರೂ ನಡೆಯುತ್ತಿತ್ತು. ಶಾಖ ಮತ್ತು ವಿದ್ಯುತ್ತಿನ ಮಿತಿಯಿಂದ ಆ ಏರಿಕೆ ನಿಂತ ಮೇಲೆ ಬಹು ಕೋರ್‌ಗಳು, ಅನೇಕ ಲೆಕ್ಕಗಳನ್ನು ಒಟ್ಟಿಗೆ ಮಾಡುವ ಜಿಪಿಯು ಚಿಪ್‌ಗಳು, ಒಂದೊಂದು ಕೆಲಸಕ್ಕೆ ಮೀಸಲಾದ ಸರ್ಕ್ಯೂಟುಗಳು ಬಂದವು. ಮೈಕ್ರೋಸಾಫ್ಟ್ ತನ್ನ ಬಿಂಗ್ ಹುಡುಕಾಟದ ರ‍್ಯಾಂಕಿಂಗ್‌ಗೆ ಎಫ್‌ಪಿಜಿಎ ಬಳಸಿದ ವಿವರವನ್ನು 2014ರಲ್ಲಿ ಪ್ರಕಟಿಸಿತು. ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ನಮ್ಮ ಉದ್ಯಮಬಾಗದ ಫೌಂಡ್ರಿಯೊಂದು ಎರಕದ ಬಿರುಕುಗಳನ್ನು ಕ್ಯಾಮೆರಾದಿಂದ ಹುಡುಕಬೇಕೆಂದರೂ, ಪಿಕ್ಸೆಲ್‌ಗಳು ಬಂದ ಹಾಗೆಯೇ ಸೋಸುವ ಸರ್ಕ್ಯೂಟು ಅಲ್ಲಿ ಉಪಯೋಗಕ್ಕೆ ಬಂದೀತು.

ಆದರೆ ಎಲೆಕ್ಟ್ರಾನಿಕ್ಸ್ ವಿಭಾಗದ ಪಠ್ಯವನ್ನು ಹಾಗೆಯೇ ಎತ್ತಿ ತರುವುದನ್ನು ನಾನು ಒಪ್ಪುವುದಿಲ್ಲ. ಟ್ರಾನ್ಸಿಸ್ಟರಿನ ಭೌತಶಾಸ್ತ್ರದಲ್ಲೇ ಅರ್ಧ ಅವಧಿ ಕಳೆದರೆ ಈ ವಿದ್ಯಾರ್ಥಿಗಳಿಗೆ ಬೇಕಾದದ್ದು ಉಳಿದುಹೋಗುತ್ತದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2022ರ ಪಠ್ಯಕ್ರಮದಲ್ಲಿ ಮೂರನೆಯ ಸೆಮಿಸ್ಟರಿಗೆ ಡಿಜಿಟಲ್ ವಿನ್ಯಾಸ ಮತ್ತು ಕಂಪ್ಯೂಟರ್ ರಚನೆಯ ಪಾಠವಿದ್ದು, ಅದು ಗಟ್ಟಿಯಾಗಿದ್ದರೆ ಈ ಐಚ್ಛಿಕ ವಿಷಯಕ್ಕೆ ಬುನಾದಿ ಸಾಕು.

ಪ್ರಯೋಗಾಲಯದಲ್ಲಿ ಎಫ್‌ಪಿಜಿಎ ಬೋರ್ಡುಗಳು ಕಡಿಮೆಯಿದ್ದರೆ, ಬೋರ್ಡಿಲ್ಲದೆಯೇ ವಿನ್ಯಾಸವನ್ನು ಪರೀಕ್ಷಿಸುವ ಇಕಾರಸ್ ವೆರಿಲಾಗ್ ಎಂಬ ಉಚಿತ ಸಿಮ್ಯುಲೇಟರ್ ಸಾಧಾರಣ ಲ್ಯಾಪ್‌ಟಾಪಿನಲ್ಲೇ ನಡೆಯುತ್ತದೆ. ಆಕೆ ಮೊದಲು ಒಂದೇ ತಂತಿಯಲ್ಲಿ ಒಂದಾದ ಮೇಲೊಂದು ಬರುವ ಬಿಟ್‌ಗಳನ್ನು ಓದುವ ಸೀರಿಯಲ್ ಪೋರ್ಟಿನ ರಿಸೀವರ್ ಒಂದನ್ನು ಕಟ್ಟಲಿ: ಕ್ಲಾಕ್ 50 ಮೆಗಾಹರ್ಟ್ಸ್, ವೇಗ 9600 ಬಾಡ್ (ಸೆಕೆಂಡಿಗೆ 9600 ಬಿಟ್) ಇದ್ದಾಗ ಒಂದು ಬಿಟ್‌ಗೆ ಸುಮಾರು 5208 ಕ್ಲಾಕ್‌ಗಳಾಗುತ್ತವೆ, ಅವುಗಳ ನಟ್ಟನಡುವೆ ಆ ಬಿಟ್ ಅನ್ನು ಓದಬೇಕು. ಅದು ಸರಿಯಾಗಿ ನಡೆದ ಮೇಲೆ ಪುಟ್ಟ ಪ್ರೊಸೆಸರಿನ ಕಡೆಗೆ ಹೋಗಬಹುದು.

– ಸಂಪಾದಕ